ಹತ್ತೋ ಹನ್ನೊಂದೋ

ಒಂದು ಹಾವಿನ ತುಟಿಯ ಒಂದೊಂದು ಬದಿಗೆ ಹುರುಪೆ ಹತ್ತೋ ಹನ್ನೊಂದೋ ಎಂಬ ಗಹನವಾದ ಪ್ರಶ್ನೆ ನಾಲ್ಕು ವರ್ಷಗಳ ಶ್ರಮದಿಂದ ಇತ್ಯರ್ಥವಾಯಿತು. ದಡದ ಎರಡುತಲೆ ಹಾವಿಗೆ ಹತ್ತು, ಎದುರಿನ ದ್ವೀಪದ ಹಾವಿಗೆ ಹನ್ನೊಂದು. ದ್ವೀಪದ ವಂಶವೇ ಬೇರೆ, ಜಗತ್ತಿನಲ್ಲಿ ಉಳಿದಿರುವುದು ಮೂವತ್ತೇ ಹಾವು ಎಂದು ಸಂಶೋಧಕಿ ಮೃಣಾಲಿನಿ ವರದಿ ಕೊಟ್ಟರು. ಅವನ್ನು ಕಾಪಾಡುವ ಆದೇಶ ಬರಲು ಇನ್ನೂ ಎರಡು ವರ್ಷ ಹಿಡಿಯಿತು.

ಆದೇಶ ಹಿಡಿದು ಅವರು ರೇಂಜರ್ ಹೊಸಮನಿಯವರ ಜೊತೆ ದ್ವೀಪಕ್ಕೆ ಹೋದರು. ದಿನಕ್ಕೊಂದು ಹಾವು ಕಂಡರೆ ಹೆಚ್ಚು ಎನ್ನುವ ಜಾಗದಲ್ಲಿ ಊಟದ ಹೊತ್ತಿಗೆ ಹದಿನಾರು ಕಂಡವು.

“ಇಷ್ಟೊಂದು ಎಲ್ಲಿಂದ ಬಂದವು ಸರ್?”

ರೇಂಜರ್ ನಕ್ಕರು. “ಮೂವತ್ತ ಉಳದಾವ ಅಂತ ಬರದಿದ್ರಲ್ರೀ ಮೇಡಂ. ಓದಿ ಸುಮ್ನ ಕೂಡಾಕ ಆಗಲಿಲ್ಲ.”

“ಏನು ಮಾಡಿದ್ರಿ?”

“ಹಾವು ಮಾರೋ ಕಳ್ಳರ ಕಡಿಂದ ಹಿಡದದ್ದು ನಮ್ಮಲ್ಲಿ ನೂರಾ ಇಪ್ಪತ್ತ ಇದ್ವು. ದಡದ್ವು, ಗಟ್ಟಿಮುಟ್ಟ. ಎರಡ ವರ್ಷದ ಹಿಂದನ ತಂದು ಇಲ್ಲಿ ಬಿಟ್ಟೆ. ಫೋಟೋನೂ ಆತು.”

ಮೃಣಾಲಿನಿ ಕಾಲ ಬಳಿ ಹರಿಯುತ್ತಿದ್ದ ಮರಿಯೊಂದನ್ನು ಎತ್ತಿ, ಭೂತಗನ್ನಡಿ ಹಿಡಿದು ಹುರುಪೆ ಎಣಿಸಿದರು.

“ಎಷ್ಟ ಅದಾವ್ರೀ?”

ಎಡಗಡೆ ಹತ್ತು, ಬಲಗಡೆ ಹನ್ನೊಂದು ಇದ್ದವು.