ಹಾರ್ಡ್ ಪದದ ಏಳು ಅರ್ಥ

ಡಾಂಬರು ಗುಳಿಗೆಯ ವಾಸನೆ ಬಂದರೆ ಅಜ್ಜನ ನಿಘಂಟು ಮತ್ತು ಆ ಮಂಗಳವಾರದ ಮಧ್ಯಾಹ್ನ ಇಂದಿಗೂ ನೆನಪಾಗುತ್ತವೆ. ನಮ್ಮೂರು ಇಂಡಿಯ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದ ಅಜ್ಜ ನನಗೆ 'ಹಾರ್ಡ್' ಪದದ ಏಳು ಅರ್ಥ ಕಲಿಸಿದ್ದರು.

ಹಿಂದಿನ ದಿನ ಪಕ್ಕದೂರು ಸಾಲೋಟಗಿಯಿಂದ ಬರುವಾಗ ಅವರು ದಾರಿ ತಪ್ಪಿದ್ದರು. ಇನ್ನು ಒಬ್ಬರನ್ನೇ ಹೊರಗೆ ಬಿಡಬಹುದೇ ಎಂಬುದು ಅವ್ವನ ಚಿಂತೆ. "ನಿಮ್ಮಜ್ಜಗ ಏನರ ಕೇಳಿ ನೋಡು" ಎಂದು ನನ್ನನ್ನು ಕಳಿಸಿ, ಬಾಗಿಲ ಹಿಂದೆ ನಿಂತಳು.

"ಅಜ್ಜಾ, ಹಾರ್ಡ್ ಅಂದ್ರ ಏನು?"

"ಗಟ್ಟಿ. ಕಠಿಣ. ನಿಷ್ಠುರ. ನನ್ನ ಪರೀಕ್ಷಾ ತಗೋತಿ ಏನ?"

ಒಂದೊಂದಕ್ಕೂ ನಾನು ವಹಿಯಲ್ಲಿ ಗೆರೆ ಎಳೆದೆ. ತಡವರಿಸದೆ ಏಳನ್ನೂ ಹೇಳಿದರು. ಅವ್ವ ಉಸಿರುಬಿಟ್ಟಿದ್ದು ನನಗೆ ಕೇಳಿಸಿತು.

ಅಜ್ಜ ನನ್ನ ವಹಿ ನೋಡಿ ಮೆಚ್ಚಿ ನಕ್ಕರು.

"ಭಾಳ ಶಾಣ್ಯಾಕಿ ಅದಿ. ಯಾರ ಮಗಳವಾ ನೀ?"

ಅವ್ವ ಅವರ ಚಪ್ಪಲಿ ಎತ್ತಿ ಒಳಗೆ ಒಯ್ದಳು.