ವಾಸದ ಮನೆ

ಸಾಲಕ್ಕಾಗಿ ಮನೆಯ ಬೆಲೆ ಕಟ್ಟಬೇಕಿದ್ದ ಬ್ಯಾಂಕಿನ ವ್ಯಾಲ್ಯುಯರ್ ಬರುವುದು ಮೂರನೆಯ ಸಲ ಮುಂದಕ್ಕೆ ಹೋಯಿತು. ಮನೆಯ ಯಜಮಾನ ಗುಮಾಸ್ತ ಫೋನನ್ನು ಜೇಬಿಗಿಳಿಸಿ, “ಸೋಮವಾರ ಬರ್ತಾರಂತೆ. ಅಲ್ಲೀವರೆಗೂ ಯಾರೂ ಮನೆಯೊಳಗೆ ಕಾಲಿಡೋ ಹಾಗಿಲ್ಲ” ಎಂದ. ಹೇಳಿದ್ದು ಹಿತ್ತಲ ಶೆಡ್ಡಿನಲ್ಲಿ ನಿಂತು. ಅವನ ಹೆಂಡತಿ ಅದೇ ಶೆಡ್ಡಿನ ಮೂಲೆಯಲ್ಲಿ ಸ್ಟೌ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿಸಿಕೊಂಡಳು.

ಒಂದು ತಿಂಗಳ ಹಿಂದೆ ಯಾರೋ ಅವನ ಕಿವಿ ಊದಿದ್ದರು. ಮನೆ ಫಳಫಳ ಅಂದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಬ್ಯಾಂಕು ಕೊಡುವ ಸಾಲ ಏರುತ್ತದೆ, ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡಬಹುದು. ಅಂದಿನಿಂದ ಅವನ ತಲೆಗೆ ಹುಳ ಹೊಕ್ಕಿತು. ಗೋಡೆಗೆ ಬಣ್ಣ ಬಂತು. ಏಳು ವರ್ಷದಿಂದ ಅವಳು ಗೋಗರೆದರೂ ಬಾರದಿದ್ದ ಹೊಸ ನಲ್ಲಿ ಒಂದೇ ದಿನದಲ್ಲಿ ಬಂತು. ನೆಲ ಮುಖ ಕಾಣುವಷ್ಟು ಹೊಳೆಯಿತು. ಇಷ್ಟಕ್ಕೇ ನಿಂತಿದ್ದರೆ ಅವಳು ಕೈಮುಗಿಯುತ್ತಿದ್ದಳು. ಆದರೆ ಮನುಷ್ಯರು ಇದ್ದರೆ ಮನೆ ಕೆಡುತ್ತದೆ ಎಂಬ ಜ್ಞಾನೋದಯ ಮಹಾಶಯನಿಗೆ ಆಗಿಬಿಟ್ಟಿತು. ಉಂಡರೆ ವಾಸನೆ, ಮಿಂದರೆ ಕಲೆ, ಮಲಗಿದರೆ ಹಾಸಿಗೆ ಸುಕ್ಕು. ಹಾಗಾಗಿ ಗಂಡ, ಹೆಂಡತಿ, ಐದನೇ ಕ್ಲಾಸಿನ ಮಗಳು, ಗ್ಯಾಸ್ ಸಿಲಿಂಡರ್ ಸಮೇತ ಸಂಸಾರವೆಲ್ಲ ಶೆಡ್ಡಿಗೆ ಬಂತು.

ಎಲ್ಲಕ್ಕಿಂತ ಮೊದಲು ಹೊರಬಿದ್ದದ್ದು ಅವಳ ಹೊಲಿಗೆ ಯಂತ್ರ. ಮುಂದಿನ ಕೋಣೆಯಲ್ಲಿ ಕೂತು ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಶಾಲೆ ಶುರುವಾಗುವ ಈ ದಿನಗಳೇ ಅವಳ ವರ್ಷದ ಸಂಪಾದನೆ. ಶೆಡ್ಡಿನಲ್ಲಿ ದಾರ ಪೋಣಿಸುವಷ್ಟೂ ಬೆಳಕಿರಲಿಲ್ಲ. ಬಟ್ಟೆಯ ಗಂಟು ಹಿಡಿದು ಬಂದವರನ್ನು ಅವನು ಗೇಟಿನಿಂದಲೇ ಸಾಗಹಾಕುತ್ತಿದ್ದ. ವರ್ಷಗಟ್ಟಲೆ ಕಣ್ಣು ಸವೆಸಿ ಸಂಪಾದಿಸಿದ ಗಿರಾಕಿಗಳು ಪಕ್ಕದ ಬೀದಿಯ ದರ್ಜಿಯ ಕಡೆ ತಿರುಗುವುದನ್ನು ನೋಡಿ ಅವಳ ಹೊಟ್ಟೆ ಉರಿಯುತ್ತಿತ್ತು.

“ಸೋಮವಾರ ಅವರು ಬಂದು ಹೋದ್ಮೇಲೆ ಮಿಷನ್ ಒಳಗೆ ಹಾಕ್ಕೋಬಹುದಾ?” ಎಂದು ಕೇಳಿದಳು.

“ಅದೆಂಗಾಗುತ್ತೆ? ಮಹಡಿ ಏಳೋವರೆಗೂ ತಡ್ಕೋ. ಬಾಡಿಗೆಗೆ ಬರೋರು ಕೆಳಗಡೆ ಚೆಂದ ನೋಡೇ ತಾನೆ ಮೇಲಿಂದು ಒಪ್ಪೋದು?”

ಅವಳು ಸ್ಟೌ ಆರಿಸಿ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿದಳು.

ಸೋಮವಾರ ವ್ಯಾಲ್ಯುಯರ್ ಬಂದರು. ಗುಮಾಸ್ತ ಹಲ್ಲು ಗಿಂಜುತ್ತ ಅವರನ್ನು ಒಳಗೆ ಕರೆದೊಯ್ದ. ಹೊಳೆಯುವ ನೆಲಕ್ಕೆ ಕಾಲಿನ ಗುರುತು ಬೀಳಬಾರದೆಂದು ಹೆಂಡತಿಯನ್ನು ಮಾತ್ರ ಹೊಸ್ತಿಲಾಚೆಯೇ ನಿಲ್ಲಿಸಿದ. ವ್ಯಾಲ್ಯುಯರ್ ಹೊಸ ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದರು. ಅಡುಗೆಮನೆಗೆ ಹೋಗಿ ಒಲೆಯಿಲ್ಲದ ಕಟ್ಟೆ ನೋಡಿದರು, ಬಚ್ಚಲಲ್ಲಿ ಒಣಗಿದ ಬಕೆಟ್ ನೋಡಿದರು, ಬೀರುವಿನ ಬಾಗಿಲು ತೆರೆದು ಮುಚ್ಚಿದರು.

“ಎಷ್ಟು ದಿನದಿಂದ ಖಾಲಿ ಇದೆ ಮನೆ?”

“ಖಾಲಿನಾ? ನಾವೇ ಇರೋದು ಸಾರ್.”

“ಒಂದು ಹಲ್ಲುಜ್ಜೋ ಬ್ರಷ್ಷೂ ಕಾಣಲಿಲ್ಲ?”

“ನಮ್ಮದು ಸ್ವಲ್ಪ ಶಿಸ್ತು ಜಾಸ್ತಿ ಸಾರ್.”

ವ್ಯಾಲ್ಯುಯರ್ ಪೆನ್ನಿನ ಮುಚ್ಚಳ ತೆಗೆದರು. “ನೋಡಿ, ಮಾಲೀಕರೇ ವಾಸ ಇರೋ ಮನೆಗೆ ಮಾತ್ರ ಈ ಸಾಲ. ಖಾಲಿ ಅಂತ ಬರೆದರೆ ಫೈಲು ಅಲ್ಲಿಗೇ ಮುಚ್ಚುತ್ತಾರೆ. ನಾನು ಕಂಡಿದ್ದನ್ನ ಬರೀಬೇಕು.”

ಗುಮಾಸ್ತನ ಮುಖ ಸುಟ್ಟ ಬದನೆಕಾಯಿಯಾಯಿತು. ಬಾಗಿಲ ಕಡೆ ಓಡಿಬಂದು ಹೆಂಡತಿಗೆ ಕಣ್ಣಲ್ಲೇ ದಮ್ಮಯ್ಯಗುಡ್ಡೆ ಹಾಕಿದ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳ ಒಂದು ಮಾತಿಗಾಗಿ ಅವನು ಹೀಗೆ ಬಾಯಿ ಬಿಟ್ಟುಕೊಂಡು ನಿಂತದ್ದು ಇದೇ ಮೊದಲು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ, ಅಸಹ್ಯವೆನಿಸಿತು.

“ಅಮ್ಮಾ, ನೀವಾದ್ರೂ ಹೇಳಿ” ಎಂದರು ವ್ಯಾಲ್ಯುಯರ್. “ಈ ಮನೇಲಿ ಯಾರಿದ್ದಾರೆ?”

ಅವಳು ಒಳಗೆ ಒಮ್ಮೆ ಇಣುಕಿ ನೋಡಿದಳು.

“ಗೊತ್ತಿಲ್ಲ ಸಾರ್. ನಾವು ಹಿಂದುಗಡೆ ಶೆಡ್ಡಲ್ಲಿರೋರು.”