ಮೂರನೇ ಸಾಲಿನ ಶಾಟ್

"ಅಮ್ಮಾ, ಆ ಮಲ್ಲಿಗೆ ತೆಗಿ! ನೀನು ಬೇಜಾರಲ್ಲಿ ಕಾಯ್ತಾ ಇರುವುದು, ಮದುವೆಗೆ ಹೊರಟದ್ದಲ್ಲ," ಶೂಟಿಂಗಿಗೆ ಹಿಡಿದ ಫೋನಿನ ಹಿಂದಿನಿಂದ ತೃಷಾ ಕೂಗಿದಳು.

"ಗಂಡ ಬರುವಾಗ ಬೋಳು ಮಂಡೆಯಲ್ಲಿ ಕೂತ್ಕೊಳ್ಳುದಾ? ಬೇಕಾದ್ರೆ ಕೊರಿಯಾದವರು ಕೂತ್ಕೊಳ್ಳಲಿ." ಕುಸುಮ ಮಲ್ಲಿಗೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಕೊರಿಯಾದ ಹಳೆಯ ಪದ್ಯ ಕಲಿಸಲು ಶಾಲೆಯ ಶರಲ್ ಮಿಸ್ ಸಿನಿಮಾದ ದಾರಿ ಹಿಡಿದಿದ್ದರು. ಸಿಜೋ ಅಂದರೆ ಮೂರೇ ಸಾಲು, ಹಾಗಾಗಿ ಮೂರೇ ಶಾಟ್. ಮಾತು ಕೂಡದು, ಕ್ಯಾಮೆರಾವೇ ಹೇಳಬೇಕು. ಮೂರನೇ ಸಾಲಿನಲ್ಲಿ ಕಥೆ ಹೊರಳಬೇಕು. ತೃಷಾ ಬರೆದದ್ದನ್ನು ಓದಿ ಮಿಸ್ ನಕ್ಕಿದ್ದರು: "ಹೆಂಡತಿ ಕಾಯ್ತಾಳೆ, ಗಂಡ ಬಂದು ಕಣ್ತುಂಬ ನೋಡ್ತಾನೆ. ಇದು ಕುಕ್ಕರಿನ ಜಾಹೀರಾತು. ಹೊರಳುವುದೆಲ್ಲಿ?" ನಾಳೆಯೇ ಕೊಡಬೇಕು, ಬೇರೇನೂ ಹೊಳೆದಿರಲಿಲ್ಲ.

ಕುಸುಮಳಿಗಂತೂ ಆ ಜಾಹೀರಾತೇ ಬೇಕಿತ್ತು. ಸುಕೇಶ ರುಸೈಲ್‌ನ ಫ್ಯಾಕ್ಟರಿಯಿಂದ ಮನೆಗೆ ಬಂದರೂ ಕಣ್ಣು ಫೋನಿನಿಂದ ಏಳುತ್ತಿರಲಿಲ್ಲ. ಸಿನಿಮಾದ ನೆಪದಲ್ಲಾದರೂ ಈ ಪುಣ್ಯಾತ್ಮ ಒಮ್ಮೆ ತನ್ನ ಮುಖ ನೋಡಲಿ ಎಂಬ ಆಸೆ, ಬಾಯಿಬಿಟ್ಟು ಹೇಳಲು ನಾಚಿಕೆ. ಮಧ್ಯಾಹ್ನ ಮಗಳೇ ಅವನಿಗೆ ಫೋನಿನಲ್ಲಿ ಪಾಠ ಹೇಳಿಕೊಟ್ಟಿದ್ದಳು: ಒಳಗೆ ಬರಬೇಕು, ಅಮ್ಮನನ್ನು ನೋಡಬೇಕು, ಅಷ್ಟೇ.

ಮೊದಲೆರಡು ಶಾಟ್‌ಗಳಲ್ಲಿ ಕುಸುಮ ಧಾರಾವಾಹಿಯ ಸೊಸೆಯಂತೆ ಧಾರಾಳವಾಗಿ ಅತ್ತಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಸುಕೇಶ ಒಳಗೆ ಬಂದ. ಫೋನಿನಿಂದ ತಲೆ ಎತ್ತದೆಯೇ ಚಪ್ಪಲಿ ಬಿಟ್ಟ, ಹೆಂಡತಿಯ ಕುರ್ಚಿಯನ್ನು ಸುತ್ತಿಕೊಂಡು ಹೋದ. "ಚಾರ್ಜರ್ ಎಲ್ಲುಂಟು? ಹಾಂ, ಸಿಕ್ಕಿತು."

ತೃಷಾ ಕ್ಯಾಮೆರಾ ನಿಲ್ಲಿಸಲಿಲ್ಲ. ಕುಸುಮಳ ಮುಖದಲ್ಲಿ ಈಗ ನಟನೆಯೇ ಇರಲಿಲ್ಲ. ಅವಳಿಗೆ ನಿಜವಾಗಿಯೂ ಅಳು ಬಂದಿತ್ತು.

ಫೋನನ್ನು ಚಾರ್ಜಿಗಿಟ್ಟು ತಿರುಗಿದ ಸುಕೇಶ ಹಣೆ ಚಚ್ಚಿಕೊಂಡ. "ಅಯ್ಯೋ, ಶೂಟಿಂಗ್! ಮರ್ತೇಹೋಯ್ತು ಮಾರಾಯ್ತಿ. ತಡಿ, ಇನ್ನೊಮ್ಮೆ ಬರ್ತೇನೆ." ತಲೆಗೂದಲು ಸವರಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡ.

ಕುಸುಮ ಎದ್ದು ಚಿಲಕ ಹಾಕಿದಳು. "ಖಲಾಸ್. ಮಿಸ್ಸಿಗೆ ಇದನ್ನೇ ಕಳಿಸು ಮಗಾ."

"ಅಪ್ಪ ಮಾತಾಡಿದ್ರಲ್ಲ?"

"ಮ್ಯೂಟ್ ಮಾಡು. ಹೇಗೂ ನನ್ನ ಹತ್ರ ಮಾತಾಡಿದ್ದಲ್ಲ."

ಬೆಲ್ ಬಡಿಯಿತು. "ನಾನು ರೆಡಿ! ತೆಗಿಯೇ!" ಮತ್ತೆ ಬಡಿಯಿತು. ಕುಸುಮ ಬಾಗಿಲಿನ ಕಿಂಡಿಗೆ ಕಣ್ಣಿಟ್ಟಳು. ಹೊರಗೆ ಸುಕೇಶ, ಕೈಯಲ್ಲಿ ಫೋನಿಲ್ಲದೆ, ನೋಡಲು ಬೇರೇನೂ ಇಲ್ಲದೆ, ಬಾಗಿಲನ್ನೇ ಎವೆಯಿಕ್ಕದೆ ನೋಡುತ್ತಾ ನಿಂತಿದ್ದ.

"ತೆಗಿಲಾ ಅಮ್ಮಾ?" ತೃಷಾ ಚಿಲಕಕ್ಕೆ ಕೈಯಿಟ್ಟಳು.

"ಶ್! ಸುಮ್ನಿರು," ಕುಸುಮ ಕಿಂಡಿಯಿಂದ ಕಣ್ಣು ಕೀಳಲಿಲ್ಲ. "ಮದುವೆಯಾದ ಮೇಲೆ ಇವರು ನನ್ನ ಕಡೆ ಇಷ್ಟು ಹೊತ್ತು ನೋಡಿದ್ದು ಇವತ್ತೇ."